ಕಣ್ಣು ಬಿಡಿಸಿದ ಫೋಟೋ

ಆಗೆಲ್ಲ ಹುಳಿಯಾರಿನ ಬಸ್ ಸ್ಟ್ಯಾಂಡ್ ಬೀದಿಗೆ ಬಂದವನು ಯಾವುದಕ್ಕೂ ಬೇರೆ ಊರಿನ ಮುಖ ನೋಡಬೇಕಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಜ್ವರ ಬಂದರೆ ಡಾಕ್ಟರಿದ್ದರು, ಕೊಬ್ಬರಿ ಮಾರಲು ಮಂಡಿ ಇತ್ತು, ಬಾಯಾರಿದರೆ ಗೋಲಿ ಸೋಡಾ ಸಿಗುತ್ತಿತ್ತು, ಹಬ್ಬ ಬಂದರೆ ಬಟ್ಟೆ ಹೊಲಿಯಲು ಅಪ್ಪನೇ ಇದ್ದರು. ಮದುವೆ ಗೊತ್ತಾದರೂ ಮನೆಯಲ್ಲಿ ಯಾರಾದರೂ ಸತ್ತರೂ ರುದ್ರಣ್ಣನ ಫೋಟೋ ಸ್ಟುಡಿಯೋ ಇತ್ತು. ತಿಪಟೂರಿನವರು ಕೇಳಿದ್ದರೆ ನಗುತ್ತಿದ್ದರೇನೋ. ಆದರೆ ಕೆಂಕೆರೆ ಕಡೆಯ ಹಟ್ಟಿಗಳಿಂದ ಸಂತೆಗೆ ಬರುವವರಿಗೆ ನಮ್ಮ ಬೀದಿಯೇ ಪಟ್ಟಣ. ಇಲ್ಲಿ ಬೋರ್ಡು ಹಾಕಿಕೊಂಡು ಕೂತವರು ಏನು ಬೇಕಾದರೂ ಮಾಡಿಕೊಡುತ್ತಾರೆ ಎಂದು ಅವರು ನಂಬಿದ್ದರು. ನಾನು ಬರೆಯಲು ಕೂತಿರುವುದು ಆ ನಂಬಿಕೆಯ ಬಗ್ಗೆ. ಹಳೇ ಕಾಲ ಚೆನ್ನಾಗಿತ್ತು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥ ಮಾತು ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ಅಪ್ಪನ ಟೈಲರ್ ಅಂಗಡಿಗೂ ರುದ್ರಣ್ಣನ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ಎದುರಿಗೆ ಡಾಕ್ಟರ ಕ್ಲಿನಿಕ್ಕು. ಸ್ಕೂಲು ಬಿಟ್ಟರೆ ನಾನು ಇರುತ್ತಿದ್ದುದು ಈ ಮೂರರ ನಡುವೆಯೇ. ಅಪ್ಪ ಇಸ್ತ್ರಿಪೆಟ್ಟಿಗೆಗೆ ತೆಂಗಿನ ಚಿಪ್ಪಿನ ಇದ್ದಿಲು ಹಾಕುತ್ತಿದ್ದರು. ಆ ಹೊಗೆಯ ವಾಸನೆ, ಪಕ್ಕದಿಂದ ಬರುವ ಫೋಟೋ ತೊಳೆಯುವ ನೀರಿನ ಹುಳಿ ವಾಸನೆ, ಎದುರಿನ ಸ್ಪಿರಿಟ್ಟಿನ ವಾಸನೆ, ಬಿಸಿಲೇರಿದ ಮೇಲೆ ಮಂಡಿಯಿಂದ ಬೀಸಿ ಬರುವ ಕೊಬ್ಬರಿಯ ಎಣ್ಣೆಗಮಲು. ಇವು ನಾಲ್ಕೂ ಸೇರಿದರೆ ನನಗೆ ಈಗಲೂ ಹಸಿವಾಗುತ್ತದೆ. ಮಂಡಿಯವರು ಒಡೆದುಹೋದ ಕೊಬ್ಬರಿ ಚೂರನ್ನು ಮಕ್ಕಳ ಕೈಗೆ ಹಾಕುತ್ತಿದ್ದರು. ಬೆಲ್ಲ ಮನೆಯಿಂದ ಕದಿಯಬೇಕು. ದಾರ ಮುಗಿದ ರೀಲುಗಳು ನಮಗೆ ಬಂಡಿಯ ಚಕ್ರ, ಚಿಂದಿ ಬಟ್ಟೆ ಗೊಂಬೆಯ ಸೀರೆ.

ರುದ್ರಣ್ಣನ ಸ್ಟುಡಿಯೋದಲ್ಲಿ ಒಂದು ಕೋಟು ಇತ್ತು. ಅದನ್ನು ಹೊಲಿದುಕೊಟ್ಟವರು ಅಪ್ಪ. ಮುಂದಿನಿಂದ ನೋಡಿದರೆ ಜೇಬು, ಗುಂಡಿ, ಕಾಲರು ಎಲ್ಲ ಸರಿಯಾಗಿತ್ತು. ಹಿಂದೆ ನಡುವಿಗೆ ಸೀಳಿ ಲಾಡಿ ಇಟ್ಟಿದ್ದರು. ತೆಳ್ಳಗಿದ್ದವರಿಗೆ ಬಿಗಿದು ಕಟ್ಟುವುದು, ದಪ್ಪಗಿದ್ದವರಿಗೆ ಸಡಿಲ ಬಿಡುವುದು. ಸುತ್ತಲ ಹಳ್ಳಿಗಳ ಗಂಡುಗಳೆಲ್ಲ ಅದೊಂದೇ ಕೋಟಿನಲ್ಲಿ ನಿಂತು ಹೆಣ್ಣಿನ ಮನೆಗೆ ಫೋಟೋ ಕಳಿಸಿದವರು. ಒಪ್ಪಿಕೊಂಡ ಹೆಣ್ಣುಗಳು ಬೆನ್ನು ನೋಡಿರಲಿಲ್ಲ, ಅಷ್ಟೇ.

ಆದರೆ ರುದ್ರಣ್ಣನಿಗೆ ಹೆಸರು ಬಂದದ್ದು ಕೋಟಿನಿಂದಲ್ಲ, ಸತ್ತವರ ಕಣ್ಣು ಬಿಡಿಸುವುದರಿಂದ. ಆಗ ಬಹಳ ಜನ ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸುತ್ತಿರಲಿಲ್ಲ. ಸತ್ತ ಮೇಲೆ ಮನೆಯವರಿಗೆ ನೆನಪಾಗಿ, ಸ್ಟುಡಿಯೋಗೆ ಆಳು ಓಡಿಸುವರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ಹಿಡಿಸುವರು. ಕಣ್ಣು ಮುಚ್ಚಿರುವ ಫೋಟೋವನ್ನು ಗೋಡೆಗೆ ಹಾಕಲು ಯಾರಿಗೂ ಮನಸ್ಸಿಲ್ಲ. ರುದ್ರಣ್ಣ ಅದರ ಮೇಲೆ ಸಣ್ಣ ಬ್ರಷ್ಷು, ಪೆನ್ಸಿಲ್ಲು ಹಿಡಿದು ತೆರೆದ ಕಣ್ಣು ಬರೆದು, ಮತ್ತೆ ಅದರ ಫೋಟೋ ತೆಗೆದು ಕಟ್ಟು ಹಾಕಿಸಿಕೊಡುತ್ತಿದ್ದ. ಅದಕ್ಕೆ ಬೀದಿಯಲ್ಲಿ ಕಣ್ಣು ಬಿಡಿಸುವುದು ಎಂದೇ ಹೆಸರು. ಚಿತ್ರ ಬಿಡಿಸುವುದೂ ಬಿಡಿಸುವುದೇ, ಅವರೆಕಾಯಿ ಬಿಡಿಸುವುದೂ ಬಿಡಿಸುವುದೇ, ನಮಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಅವನು ಬಿಡಿಸುತ್ತಿದ್ದ ಕಣ್ಣೆಲ್ಲ ಅವರಪ್ಪನ ಕಣ್ಣು. ಅವನೇ ಹೇಳುತ್ತಿದ್ದ, ಬೇರೆ ಯಾರ ಕಣ್ಣೂ ತನ್ನ ಕೈಗೆ ಕೂರುವುದಿಲ್ಲ ಎಂದು. ಹೀಗಾಗಿ ಹುಳಿಯಾರು ಸುತ್ತಮುತ್ತ ಯಾವ ಮನೆಗೆ ಹೋದರೂ ಗೋಡೆ ಮೇಲಿನ ಅಜ್ಜಂದಿರು, ಅಜ್ಜಿಯರು ಎಲ್ಲರೂ ರುದ್ರಣ್ಣನ ಅಪ್ಪನ ಹಾಗೆ, ಯಾರ ಮೇಲೋ ಸ್ವಲ್ಪ ಸಿಟ್ಟಾದವರ ಹಾಗೆ ನೋಡುತ್ತಿದ್ದರು. ಮನೆಯವರು ಅದನ್ನು ಗಮನಿಸುತ್ತಿರಲಿಲ್ಲ. ವಯಸ್ಸಾದವರು ಸಾಮಾನ್ಯವಾಗಿ ಸಿಟ್ಟಾಗಿಯೇ ಇರುತ್ತಿದ್ದರಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಯುಗಾದಿ ಹತ್ತಿರ ಬಂದಿತ್ತು. ಅಪ್ಪನಿಗೆ ತಲೆ ಎತ್ತಲು ಪುರುಸೊತ್ತಿಲ್ಲದಷ್ಟು ಹೊಲಿಗೆ. ಅಷ್ಟರ ನಡುವೆಯೂ ನನಗೊಂದು ಕೆಂಪು ಲಂಗ, ಜರಿ ಅಂಚಿನದು, ಹೊಲಿದು ಗೂಟಕ್ಕೆ ನೇತುಹಾಕಿದ್ದರು. ಹಬ್ಬಕ್ಕೆ ಮುಂಚೆ ಮುಟ್ಟಕೂಡದು ಎಂದಿದ್ದರಿಂದ ದಿನಾ ಹೋಗಿ ಮೂಸಿ ಬರುತ್ತಿದ್ದೆ.

ಒಂದು ಮಧ್ಯಾಹ್ನ ಬಸ್ಸಿನಿಂದ ಒಬ್ಬ ಹೆಂಗಸು ಮಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದು ಸೀದಾ ಕ್ಲಿನಿಕ್ಕಿಗೆ ಓಡಿದಳು. ಹಿಂದೆ ಅವಳ ತಮ್ಮ. ಕೆಂಕೆರೆ ಆಚೆಯ ಹಟ್ಟಿಯವರು. ಅವಳ ಹೆಸರು ಕರಿಯಕ್ಕ, ಮಗಳ ಹೆಸರು ಈರಿ ಎಂದು ನಮಗೆ ಆಮೇಲೆ ಗೊತ್ತಾಯಿತು. ನಾನು ಅಂಗಡಿ ಕಟ್ಟೆಯಿಂದ ನೋಡುತ್ತಿದ್ದೆ. ಡಾಕ್ಟರು ಈರಿಯ ಎದೆಗೆ ಸ್ಟೆತಾಸ್ಕೋಪು ಇಟ್ಟರು, ಜಾಗ ಬದಲಿಸಿ ಇನ್ನೊಮ್ಮೆ ಇಟ್ಟರು, ಆಮೇಲೆ ಅದನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು.

"ದಾರೀಲೇ ಹೋಗ್ಬಿಟ್ಟಿದೆ ಕಣಮ್ಮ" ಎಂದರು.

ಕರಿಯಕ್ಕ ಮಗಳ ತೋಳಿನ ಮೇಲಿನ ಬಟ್ಟೆ ಸರಿಸಿದಳು. "ಒಂದ್ ಇಂಜೆಕ್ಸನ್ ಕೊಡಿ ಸಾಮಿ" ಎಂದಳು. ಡಾಕ್ಟರು ಇಲ್ಲವೆಂದು ತಲೆ ಆಡಿಸಿದರು. ಅವಳು ಮತ್ತೆ ಅದನ್ನೇ ಕೇಳಿದಳು. ಕೊನೆಗೆ ತಮ್ಮನೇ ಅವಳ ತೋಳು ಹಿಡಿದು ಹೊರಗೆ ಕರೆತಂದ.

ಹೆಣ ಎಂದು ಗೊತ್ತಾದ ಮೇಲೆ ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ತಮ್ಮ ಎತ್ತಿನಗಾಡಿ ಹುಡುಕಲು ಹೋದ. ಬಿಸಿಲು ಬೆಂಕಿಯ ಹಾಗೆ ಸುರಿಯುತ್ತಿತ್ತು. ಅಪ್ಪ ಮೆಷಿನ್ನಿನಿಂದ ಎದ್ದು ಹೋಗಿ ಅವಳನ್ನು ಕರೆದುಕೊಂಡು ಬಂದು ಅಂಗಡಿ ಒಳಗೆ ಕೂರಿಸಿದರು. ಮಗುವನ್ನು ಕಟಿಂಗ್ ಹಲಗೆಯ ಮೇಲೆ ಮಲಗಿಸಿದರು. ಅಲ್ಲಿದ್ದ ಹಬ್ಬದ ಬಟ್ಟೆಗಳನ್ನೆಲ್ಲ ನನ್ನ ಕೈಯಲ್ಲಿ ಎತ್ತಿಸಿದರು.

"ಇದ್ರಪ್ಪ ಎಲ್ಲವ್ರೆ ತಾಯಿ?" ಎಂದು ಕೇಳಿದರು.

"ಕುರಿ ಹೊಡ್ಕಂಡು ಹೊಳೆ ಕಡೀಕೆ ಹೋಗವ್ರೆ ಕಣಣ್ಣ. ಎಲ್ಲವ್ರೋ, ಯಾರ್ನ ಕಳ್ಸಾನ."

"ಹಂಗಾದ್ರೆ ಮಖ ನೋಡಾಕೂ ಸಿಕ್ಕಲ್ಲ ಅವ್ರಿಗೆ. ಒಂದು ಫೋಟೋನಾರ ಹಿಡ್ಸಿಟ್ಕಳಿ. ಬಂದಾಗ ತೋರ್ಸಬೋದು."

ಅಪ್ಪ ಹೇಳಿದ್ದು ತಪ್ಪೇನಲ್ಲ. ಯಾರಾದರೂ ಅದನ್ನೇ ಹೇಳುತ್ತಿದ್ದರು. ಈರಿಯ ಮೈಮೇಲಿದ್ದ ಬಟ್ಟೆ ಗಲೀಜಾಗಿತ್ತು. ಅಪ್ಪ ಸುತ್ತ ನೋಡಿದರು. ಅಂಗಡಿಯಲ್ಲಿದ್ದ ಬಟ್ಟೆಯೆಲ್ಲ ಬೇರೆಯವರದು, ತಮ್ಮದು ಎಂದರೆ ಗೂಟದ ಮೇಲಿದ್ದ ನನ್ನ ಲಂಗವೊಂದೇ. ಅದನ್ನು ತೆಗೆದು ಕರಿಯಕ್ಕನ ಕೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ. ಲಂಗ ಈರಿಗೆ ಸರಿಯಾಗಿ ಕೂತಿತು, ಅವಳೂ ನನ್ನಷ್ಟೇ ಎತ್ತರ.

ಸ್ಟುಡಿಯೋದಲ್ಲಿ ರುದ್ರಣ್ಣ ಕುರ್ಚಿ ಹಾಕಿ, ಹಿಂದಿನಿಂದ ಬಟ್ಟೆಯಲ್ಲಿ ಕಟ್ಟಿ, ಈರಿಯನ್ನು ಕೂರಿಸಿದ. ಹಿಂದೆ ಹಂಸ, ಕೊಳ, ಮೆಟ್ಟಿಲಿನ ಪರದೆ. ಎರಡು ದೊಡ್ಡ ದೀಪ ಹಾಕಿದ. ಆಗ ಕರಿಯಕ್ಕನಿಗೆ ಅಷ್ಟು ಹೊತ್ತೂ ಬಾರದಿದ್ದ ಅಳು ಬಂತು. ಗೋಡೆಗೆ ತಲೆ ಚಚ್ಚಿಕೊಂಡು ಅಳತೊಡಗಿದಳು. ರುದ್ರಣ್ಣ ಮೆದು ಮನಸ್ಸಿನವನು. ಎಲ್ಲರ ಮನೆಯಲ್ಲೂ ಹೇಳುವ ಮಾತನ್ನೇ ಅವಳಿಗೂ ಹೇಳಿದ.

"ಅಳ್ಬ್ಯಾಡ ಸುಮ್ಕಿರವ್ವ. ನಾನು ಕಣ್ಣು ಬುಡುಸ್ಕೊಡ್ತೀನಿ."

ಕರಿಯಕ್ಕ ಅಳು ನಿಲ್ಲಿಸಿದಳು. "ಬುಡುಸ್ತೀರಾ ಸಾಮಿ?" ಎಂದಳು.

"ಬುಡುಸ್ತೀನಿ ಕಣವ್ವ. ಸ್ವಲ್ಪ ಆ ಕಡೀಕೆ ನಿಂತ್ಕ."

ಅವಳು ಸೆರಗಿನಿಂದ ಮೊದಲು ತನ್ನ ಮುಖ ಒರೆಸಿಕೊಂಡಳು, ಆಮೇಲೆ ಮಗಳ ಮುಖ ಒರೆಸಿದಳು. ಬೆರಳಿನಲ್ಲೇ ಈರಿಯ ಕೂದಲು ಬಾಚಿದಳು. ರುದ್ರಣ್ಣ ಹೇಳಿದ ಕಡೆ ಹೋಗದೆ ಕ್ಯಾಮೆರಾದ ಪಕ್ಕಕ್ಕೆ, ಕುರ್ಚಿಗೆ ನೇರ ಎದುರಿಗೆ ಬಂದು ನಿಂತಳು. ನಾನು ಪರದೆಯ ಪಕ್ಕದಲ್ಲಿದ್ದೆ. ಅವಳು ನಗುಮುಖ ಮಾಡಲು ನೋಡುತ್ತಿದ್ದಳು, ಅದು ಯಾಕೆಂದು ನನಗೆ ತಿಳಿಯಲಿಲ್ಲ. ರುದ್ರಣ್ಣ ಕರೀಬಟ್ಟೆಯೊಳಗೆ ತಲೆ ಹಾಕಿದ, ತೆಗೆದ, ಕ್ಲಿಕ್ಕೆಂದಿತು. ದೀಪ ಆರಿಸಿದ.

ಕರಿಯಕ್ಕ ನಿಂತೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ ಕೇಳಿದಳು.

"ಬುಡ್ಲಿಲ್ವಲ್ಲ ಸಾಮಿ?"

"ಏನವ್ವ?"

"ಕಣ್ಣು. ಬುಡುಸ್ತೀನಿ ಅಂದ್ರಲ್ಲ. ಮಗ ಇನ್ನೂ ಬುಡ್ಲಿಲ್ಲ."

ಕ್ಯಾಮೆರಾದಿಂದ ತೆಗೆದ ಗಾಜಿನ ಪ್ಲೇಟು ರುದ್ರಣ್ಣನ ಕೈಯಲ್ಲಿ ಹಾಗೇ ನಿಂತಿತು. ಎಷ್ಟು ಮನೆಯಲ್ಲಿ ಎಷ್ಟು ಸಲ ಆಡಿದ ಮಾತು, ಅದಕ್ಕೆ ಹೀಗೂ ಅರ್ಥವಿದೆ ಎಂದು ಅವನಿಗೆ ಹೊಳೆದದ್ದೇ ಆಗ. "ಅಯ್ಯೋ ತಾಯಿ, ನಾನಂದಿದ್ದು ಫೋಟೋದಾಗೆ" ಎಂದ. ಫೋಟೋದಾಗಾ, ಎಂದು ಅವಳು ಒಮ್ಮೆ ಕೇಳಿ ನೆಲದ ಮೇಲೆ ಕೂತಳು. ಗಾಡಿ ಬಂದಾಗ ತಮ್ಮನೇ ಅವಳನ್ನು ಎಬ್ಬಿಸಿಕೊಂಡು ಹೋದ.

ಆಮೇಲಿನ ದಿನಗಳಲ್ಲಿ ರುದ್ರಣ್ಣ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಆ ಫೋಟೋ ಹಿಡಿದು ಕೂತ. ಕಣ್ಣು ಬರೆದ, ಅಳಿಸಿದ, ಮತ್ತೆ ಬರೆದ. ಪ್ರತಿ ಸಲವೂ ಈರಿಯ ಪುಟ್ಟ ಮುಖದಲ್ಲಿ ರುದ್ರಣ್ಣನ ಅಪ್ಪನ ಸಿಟ್ಟಿನ ಕಣ್ಣೇ ಬಂದು ಕೂರುತ್ತಿತ್ತು. ನೋಡಲು ಭಯವಾಗುತ್ತಿತ್ತು. ಮಗುವಿಗೆ ಮಗುವಿನ ಕಣ್ಣೇ ಬೇಕು ಎಂದು ಅವನಿಗೆ ಅನ್ನಿಸಿತು. ಒಂದು ಸಂಜೆ ನನ್ನನ್ನು ಕರೆದ.

"ಬಾರವ್ವ ಗಿರಿಜಾ, ಇಲ್ಲಿ ಕೂತ್ಕ. ನಗಬ್ಯಾಡ. ಸುಮ್ನೆ ನೋಡು."

ಅದೇ ಕುರ್ಚಿ. ಕೈತುಂಬ ಪೆಪ್ಪರಮೆಂಟು ಕೊಟ್ಟ. ನನಗೆ ಖುಷಿಯೋ ಖುಷಿ, ಸುಮ್ಮಸುಮ್ಮನೆ ಫೋಟೋ ತೆಗೆಸಿಕೊಳ್ಳುವ ಭಾಗ್ಯ ಯಾರಿಗಿತ್ತು ಆಗ. ಅವನು ಆ ಫೋಟೋವನ್ನು ಈರಿಯ ಮುಖದ ಅಳತೆಗೆ ಮಾಡಿ, ಬ್ಲೇಡಿನಲ್ಲಿ ನನ್ನ ಕಣ್ಣುಗಳನ್ನಷ್ಟೇ ಕತ್ತರಿಸಿ, ಅವಳ ಮುಖಕ್ಕೆ ಅಂಟಿಸಿ, ಅಂಚನ್ನು ಬ್ರಷ್ಷಿನಿಂದ ಮಾಯಿಸಿದ. ಮುಗಿದಾಗ ಅಂಟಿಸಿದ ಗುರುತು ಎಲ್ಲೂ ಕಾಣಲಿಲ್ಲ. ಕೆಂಪು ಲಂಗ ಫೋಟೋದಲ್ಲಿ ಕಪ್ಪಗೆ ಬಂದಿತ್ತು. ಒಬ್ಬಳು ಹುಡುಗಿ ಕುರ್ಚಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಚೆನ್ನಾಗಿದ್ದಾಳೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಅಮ್ಮನಿಗೆ ಗೊತ್ತಾದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಪ್ಪನ ಎದುರು ನಿಂತು, "ಮಗೀನ ಬಟ್ಟೆ ಹೆಣಕ್ಕೆ ಉಡ್ಸಿದ್ದು ಸಾಲ್ದು ಅಂತ ಕಣ್ಣೂ ಕೊಟ್ ಬಂದ್ರಾ? ಇನ್ನೇನು ಉಳ್ಸಿದೀರಿ, ಅದ್ನೂ ಕೊಟ್ಬುಡಿ" ಎಂದಳು. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲೆಂದು ಕೊನೆಗೂ ಬೆಂಕಿ ಹಚ್ಚಿದಳು. ಮನೆಯೆಲ್ಲ ಘಾಟು ತುಂಬಿ ಮೂವರೂ ಕೆಮ್ಮಿದೆವು.

ಸಂತೆಯ ದಿನ ಕರಿಯಕ್ಕ ಬಂದಳು. ರುದ್ರಣ್ಣ ಕಟ್ಟು ಹಾಕಿಸಿದ ಫೋಟೋವನ್ನು ಅವಳ ಕೈಗಿಟ್ಟು, ಅವಳ ಮುಖ ನೋಡಲಾರದೆ ಬಾಗಿಲಿಗೆ ಬಂದು ನಿಂತ. ಅವಳು ಬಹಳ ಹೊತ್ತು ನೋಡಿದಳು. "ಈರೀ" ಎಂದು ಕರೆದಳು, ಒಳಮನೆಯಲ್ಲಿರುವ ಮಗಳನ್ನು ಕೂಗುವ ಹಾಗೆ. ಸೆರಗಿನಿಂದ ಗಾಜು ಒರೆಸಿ ಎದೆಗೆ ಅವುಚಿಕೊಂಡಳು. "ಬುಡುಸ್ಬುಟ್ರಿ ಸಾಮಿ, ನಿಮ್ ಹೊಟ್ಟೆ ತಣ್ಣಗಿರ್ಲಿ" ಎಂದಳು. ರುದ್ರಣ್ಣ ಅವತ್ತು ನಮ್ಮೆಲ್ಲರಿಗೂ ಸೋಡಾ ಕುಡಿಸಿದ.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮುಂಗಾರು ಹತ್ತಿರವಾಗುವ ಹೊತ್ತಿಗೆ ಕರಿಯಕ್ಕ ದಾರದುಂಡೆ ಕೊಳ್ಳಲೆಂದು ಅಪ್ಪನ ಅಂಗಡಿಗೆ ಬಂದಳು. ನಾನು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತ ಕೂತಿದ್ದೆ, ತಲೆ ಎತ್ತಿದೆ. ಅವಳು ದಾರ ಕೇಳುವುದನ್ನು ಮರೆತಳು. ಕೂತು ನನ್ನನ್ನೇ ನೋಡಿದಳು. ದಾರ ಕೊಳ್ಳದೆಯೇ ಎದ್ದು ಹೋದಳು. ಮುಂದಿನ ಸಂತೆಗೆ ಮಡಿಲಲ್ಲಿ ಕಾರೆಹಣ್ಣು ಕಟ್ಟಿಕೊಂಡು ಬಂದಳು. ಅದರ ಮುಂದಿನ ಸಂತೆಗೆ ಬೆಣ್ಣೆ ತಂದಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ, ಆದರೂ ಅವಳಿಗೆ ಗೊತ್ತಾಗಿತ್ತು. ನಾನು ಹಣ್ಣು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು. ನನ್ನ ಬಾಯಿಯ ಕಡೆ ನೋಡುತ್ತಿರಲಿಲ್ಲ, ಕಣ್ಣನ್ನೇ ನೋಡುತ್ತಿದ್ದಳು.

ಇದು ಅಮ್ಮನ ಕಿವಿಗೆ ಬಿತ್ತು. ಅವಳಿಗೆ ಭಯ. ಸತ್ತ ಮಗುವಿನ ತಾಯಿ ಹೀಗೆ ವಾರ ವಾರ ಬಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೂತರೆ ಏನಾಗುತ್ತದೋ ಎಂದು. "ಅವಳು ಬಂದ್ರೆ ಕಣ್ಣು ಮುಚ್ಕಂಡು ಕೂತ್ಕ, ಹೋಗೋಗಂಟ ಬುಡಬ್ಯಾಡ" ಎಂದು ಆಣೆ ಹಾಕಿಸಿಕೊಂಡಳು. ಅಮ್ಮನ ಮಾತು ಮೀರುವ ಧೈರ್ಯ ನನಗಿರಲಿಲ್ಲ. ಮುಂದಿನ ಸಂತೆಗೆ ಕರಿಯಕ್ಕ ಮೆಟ್ಟಿಲು ಹತ್ತುವುದು ಕಾಣುತ್ತಲೇ ಕಣ್ಣು ಬಿಗಿಯಾಗಿ ಮುಚ್ಚಿದೆ. ಸ್ಟೂಲಿನ ಮೇಲೆ, ಗೋಡೆಗೆ ಒರಗಿ, ಅಲ್ಲಾಡದೆ ಕೂತೆ.

ಅಪ್ಪನ ಮೆಷಿನ್ನು ನಿಂತಿತು. ಆಮೇಲೆ ಬಹಳ ಹತ್ತಿರದಿಂದ ಅವಳ ದನಿ ಕೇಳಿಸಿತು.

"ಬುಡವ್ವ. ಕಣ್ಣು ಬುಡು. ನಿನ್ ದಮ್ಮಯ್ಯ, ಬುಡು ಮಗ."

ಆ ದನಿಗೆ ಹೆದರಿ ನಾನು ಕಣ್ಣು ಬಿಟ್ಟೆ. ಅವಳು ನನ್ನ ಮುಂದೆ ಮಂಡಿಯೂರಿದ್ದಳು. ನನ್ನನ್ನು ನೋಡಿ ಒಂದು ಉಸಿರು ಬಿಟ್ಟು, ಅಪ್ಪನ ಕಡೆ ತಿರುಗಿದಳು.

"ಅಣ್ಣ, ಇವಳ್ದು ತಪ್ಪಿಲ್ಲ, ಬಯ್ಯಬ್ಯಾಡಿ. ನಂದೇ ಒಂದು ಹಿಂಗಾಗದೆ. ಮೊದ್ಲು ಮಲಿಕ್ಕಂಡು ಕಣ್ಮುಚ್ಚಿದ್ರೆ ಈರಿ ಬರಾಳು, ಅವಳ ಕಣ್ಣಾಗೇ ನೋಡಾಳು. ಈಗ ಬತ್ತಾಳೆ, ಈ ಮಗೀನ ಕಣ್ಣಾಗೆ ನೋಡ್ತಾಳೆ. ಅವಳ್ದು ಹೆಂಗಿದ್ವು ಅಂದ್ರೆ..."

ಅಲ್ಲಿಗೆ ನಿಂತಳು. ಹೇಳಲು ಹೊರಟು ನಿಂತವಳ ಬಾಯಿ ಅರ್ಧ ತೆರೆದೇ ಇತ್ತು. ನಾವು ಕಾದೆವು. ಅವಳ ನೆನಪಿಗೆ ಬರಲಿಲ್ಲ. ಅಂಗಡಿಯ ಸೂರು ನೋಡಿದಳು, ಬೀದಿ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಎಲ್ಲೂ ಸಿಗಲಿಲ್ಲ.

ಎದ್ದು ಪಕ್ಕದ ಸ್ಟುಡಿಯೋಗೆ ಹೋದಳು. ಅಪ್ಪ, ನಾನು ಹಿಂದೆಯೇ ಹೋದೆವು. ಫೋಟೋ ಅವಳ ಚೀಲದಲ್ಲೇ ಇತ್ತು, ತೆಗೆದು ರುದ್ರಣ್ಣನ ಮುಂದಿಟ್ಟಳು.

"ಸಾಮಿ, ಇದ್ರ ಕಣ್ಣು ಮುಚ್ಚುಸ್ಕೊಡಿ."

ರುದ್ರಣ್ಣನಿಗೆ ಈ ಸಲ ಮಾತು ತಿಳಿಯದೆ ಹೋಗಲಿಲ್ಲ. ಮೊದಲು ತೆಗೆದ ಪ್ಲೇಟು ಅವನ ಹತ್ತಿರ ಹಾಗೇ ಇತ್ತು. ಕತ್ತಲೆ ಕೋಣೆಗೆ ಹೋಗಿ ಅದರಿಂದ ಇನ್ನೊಂದು ಫೋಟೋ ಮಾಡಿ, ಇನ್ನೂ ಒದ್ದೆಯಿದ್ದದ್ದನ್ನು ಎರಡೂ ಅಂಚು ಹಿಡಿದುಕೊಂಡು ತಂದ. ಈರಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಅವತ್ತು ಇದ್ದ ಹಾಗೆಯೇ. ಕರಿಯಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹತ್ತಿರ ಹಿಡಿದಳು, ದೂರ ಹಿಡಿದಳು. ಬೆರಳಿನ ತುದಿಯಲ್ಲಿ ರೆಪ್ಪೆಯನ್ನು ಮುಟ್ಟಿದಳು.

"ಇದ್ರಾಗೂ ಈ ಮಗೀನವೇ ಅವೆ ಸಾಮಿ" ಎಂದಳು. "ರೆಪ್ಪೆ ಒಳ್ಗೆ."

ಅದಕ್ಕೆ ಮಾಡಿಕೊಡಲು ಆ ಬೀದಿಯಲ್ಲಿ ಯಾರ ಹತ್ತಿರವೂ ಏನೂ ಇರಲಿಲ್ಲ. ಅವಳು ಎರಡು ಫೋಟೋಗಳನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ರುದ್ರಣ್ಣ ಆಮೇಲೆ ಯಾರ ಕಣ್ಣನ್ನೂ ಬಿಡಿಸಲಿಲ್ಲ. ಕೇಳಿದವರಿಗೆ ಕೈ ನಡುಗುತ್ತದೆ ಎನ್ನುತ್ತಿದ್ದ. ಹೆಣದ ಫೋಟೋಗೆ ಜನ ಬೇರೆ ಕಡೆ ಹೋದರು, ಅದರ ಹಿಂದೆ ಮದುವೆಯವರೂ ಹೋದರು. ಬಣ್ಣದ ಫೋಟೋ ಬರುವ ಮೊದಲೇ ಅವನ ಸ್ಟುಡಿಯೋ ಅರ್ಧ ಮುಚ್ಚಿತ್ತು, ಬಂದ ಮೇಲೆ ಪೂರ್ತಿ ಮುಚ್ಚಿತು. ಡಾಕ್ಟರು ಊರು ಬಿಟ್ಟರು. ಕ್ಲಿನಿಕ್ಕಿದ್ದಲ್ಲಿ ಈಗ ರಕ್ತ ತೆಗೆದುಕೊಂಡು ಪರೀಕ್ಷೆಗೆ ಬೇರೆ ಊರಿಗೆ ಕಳಿಸುತ್ತಾರೆ. ಸ್ಟುಡಿಯೋ ಇದ್ದಲ್ಲಿ ಮೊಬೈಲಿಗೆ ಕರೆನ್ಸಿ ಹಾಕುತ್ತಾರೆ. ರುದ್ರಣ್ಣ, ಅಮ್ಮ, ಅಪ್ಪ ಎಲ್ಲರೂ ತೀರಿಹೋದರು. ಅಪ್ಪನ ಮೆಷಿನ್ನಿನ ಮುಂದೆ ಈಗ ನಾನು ಕೂತಿದ್ದೇನೆ, ಬ್ಲೌಸು ಹೊಲಿಯುತ್ತೇನೆ. ಬೀದಿ ಹೋಯಿತು ಎಂದು ನನಗೆ ದುಃಖವಿಲ್ಲ. ಅಂಗಡಿಗಳು ತೆರೆಯುವುದೂ ಮುಚ್ಚುವುದೂ ಇದ್ದದ್ದೇ. ಈಗ ಹಟ್ಟಿಯಿಂದ ಬಂದವರು ಯಾವ ಬೋರ್ಡನ್ನೂ ಪೂರ್ತಿ ನಂಬುವುದಿಲ್ಲ. ಒಳ್ಳೆಯದೇ ಆಯಿತು.

ಹೋದ ವರ್ಷ ಕರಿಯಕ್ಕನ ಹಟ್ಟಿಯ ಹುಡುಗಿಯೊಬ್ಬಳು ಮದುವೆ ಬ್ಲೌಸಿನ ಅಳತೆ ಕೊಡಲು ಬಂದಿದ್ದಳು. ಟೇಪು ಹಿಡಿದುಕೊಂಡೇ ಕರಿಯಕ್ಕನ ಬಗ್ಗೆ ಕೇಳಿದೆ.

"ಅವ್ರು ಸತ್ತು ಬಾಳ ವರ್ಸ ಆಯ್ತು ಕಣಕ್ಕ, ನಾನು ನೋಡೇ ಇಲ್ಲ. ಆ ಮನೇರು ಯಾರೂ ಉಳಿದಿಲ್ಲ" ಎಂದಳು.

"ಅವ್ರ ಮನೇಲಿ ಒಂದು ಹುಡುಗಿ ಫೋಟೋ ಇತ್ತಲ್ಲ?"

"ಅದಾ. ಇತ್ತಂತೆ. ಯಾರ್ದೂಂತ ಯಾರ್ಗೂ ಗೊತ್ತಾಗ್ಲಿಲ್ಲ, ಮನೆ ಕೆಡವಿದಾಗ ಎಲ್ಲ ಹೋಯ್ತು."

ತೋಳಿನ ಅಳತೆ ತೆಗೆದುಕೊಂಡೆ. ಅವಳು ಅಗಲ ಕುತ್ತಿಗೆ ಬೇಕೆಂದಳು, ಹಾಗೇ ಬರೆದುಕೊಂಡೆ. ಈರಿ ಎಂಬ ಒಬ್ಬಳಿದ್ದಳು ಎಂದು ಬಲ್ಲವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ, ಮತ್ತು ಅವಳು ಕಣ್ಣು ಬಿಟ್ಟಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.